ಎರಡು ಸಲ ಅರ್ಧಕ್ಕೆ ಬಿಟ್ಟ ‘ಮಲೆಗಳಲ್ಲಿ ಮದುಮಗಳು’: ಮೂರನೆಯ ಸಲ ಹಿಡಿಯಬೇಕೇ?

ಎರೆಹೊಲದವ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಲೆಕ್ಕಪತ್ರಗಳನ್ನು ಬಿಟ್ಟು ಬೇರೇನನ್ನೂ ಓದದೆ ಕಾಲ ಕಳೆದ ನಾನು ಕಳೆದ ದೀಪಾವಳಿಯಿಂದ ಮತ್ತೆ ಕನ್ನಡ ಪುಸ್ತಕಗಳನ್ನು ಕೈಗೆತ್ತಿಕೊಂಡಿದ್ದೇನೆ. ಕಾರಣ ದೊಡ್ಡದೇನಲ್ಲ. ಮಗಳು ಹಾಸ್ಟೆಲಿಗೆ ಹೋಗುವಾಗ ಕಪಾಟಿನಲ್ಲಿ ಬಿಟ್ಟುಹೋಗಿದ್ದ ತೇಜಸ್ವಿಯವರ ‘ಕರ್ವಾಲೊ’ ನಿದ್ದೆ ಬಾರದ ಒಂದು ರಾತ್ರಿ ಕಣ್ಣಿಗೆ ಬಿತ್ತು. ಜೇನುತುಪ್ಪ ಕೊಳ್ಳಲು ಹೋದವನ ಕಥೆ ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕಾಗ ನಾನೂ ಹಿಂದೆಯೇ ಹೋದೆ. ಎರಡೇ ರಾತ್ರಿಗಳಲ್ಲಿ ಪುಸ್ತಕ ಮುಗಿಯಿತು. ಅದಾದ ಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೆ. ಅದು ಒಂದು ಭಾನುವಾರದ ಸಂಜೆಗೇ ಮುಗಿಯಿತಾದರೂ, ಹಳೆಯ ಮನೆಯಲ್ಲಿ ಇರುವೆಗಳೊಂದಿಗೆ ಆ ಕುಟುಂಬ ನಡೆಸುವ ಯುದ್ಧವನ್ನು ನೆನೆದು ಇಂದಿಗೂ ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಸಂಶಯದಿಂದಲೇ ತೆರೆಯುತ್ತೇನೆ.

ಈ ಎರಡು ಪುಸ್ತಕಗಳು ಕೊಟ್ಟ ಧೈರ್ಯದಿಂದಲೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಂದೆ. ಮೊದಲನೆಯ ಸಲ ತೊಂಬತ್ತು ಪುಟಗಳವರೆಗೆ ಹೋಗಿ ನಿಂತೆ. ಯಾರು ಯಾವ ಮನೆಯವರು, ಯಾರ ಮಗಳನ್ನು ಯಾರಿಗೆ ಕೇಳಿದ್ದಾರೆ, ಯಾವ ಹೆಗ್ಗಡೆಗೂ ಯಾವ ಗೌಡರಿಗೂ ಎಂಥ ಸಂಬಂಧ ಎಂಬುದು ನನಗೆ ಹಿಡಿತಕ್ಕೆ ಸಿಗಲಿಲ್ಲ. ಎರಡನೆಯ ಸಲ ಛಲದಿಂದ ಮೊದಲಿನಿಂದಲೇ ಹೊರಟು ಇನ್ನೂರು ಪುಟ ದಾಟಿದೆ. ಅಷ್ಟರಲ್ಲಿ ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಕೆಲಸ ಬಂದಿತು. ಮೂರು ವಾರ ಬಿಟ್ಟು ತೆರೆದು ನೋಡಿದರೆ, ಊರು ಬಿಟ್ಟು ಹತ್ತು ವರ್ಷವಾದವನು ಜಾತ್ರೆಗೆ ಬಂದಂತಾಗಿತ್ತು: ಮುಖಗಳು ಪರಿಚಿತ, ಹೆಸರುಗಳು ನಾಪತ್ತೆ. ಅದರ ಜೊತೆಗೆ ಅಂಗಾತ ಮಲಗಿ ಓದುವ ನನ್ನ ಅಭ್ಯಾಸದಿಂದ ಒಂದು ರಾತ್ರಿ ಕೈ ಸೋತು, ಏಳುನೂರರ ಆಸುಪಾಸಿನ ಪುಟಗಳ ಆ ಪುಸ್ತಕ ಮೂಗಿನ ಮೇಲೆಯೇ ಬಿತ್ತು. ಈಗ ಬಸ್ಸಿನ ಟಿಕೆಟ್ ಒಂದನ್ನು ಗುರುತಿಗಿಟ್ಟುಕೊಂಡು ಅದು ಮೇಜಿನ ಮೇಲೆ ಕೂತಿದೆ.

ನಾನು ವಿಜಯಪುರದ ಕಡೆಯವನು. ಜೋಳದ ಹೊಲ, ಎರೆಮಣ್ಣು, ಬಿಸಿಲು, ಇವಿಷ್ಟೇ ನಾನು ಬಲ್ಲ ಲೋಕ. ಮಳೆ, ಜಿಗಣೆ, ಅಡಕೆ ತೋಟಗಳ ನಡುವಿನ ಆ ಕನ್ನಡದಲ್ಲಿ ಪ್ರತಿ ಪುಟಕ್ಕೂ ಎರಡು ಮೂರು ಪದಗಳಾದರೂ ನನಗೆ ಅರ್ಥವಾಗುವುದಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ. ಬಿಡುವಿಗಾಗಿ, ಸಂತೋಷಕ್ಕಾಗಿ ಓದುವವನು ಇಂಥ ಪುಸ್ತಕವನ್ನು ಅರ್ಧಕ್ಕೆ ಬಿಟ್ಟರೆ ತಪ್ಪೇ? ಪೂರ್ತಿ ಓದಿದವರು ಅದನ್ನು ಹೇಗೆ ಓದಿದಿರಿ?

ತುಂಗೆಯ ದಡದವಳು

ಎರೆಹೊಲದವರೇ, ನಿಮ್ಮ ಪ್ರಶ್ನೆಯನ್ನು ಓದಿ ನಗು ಬಂತು, ಬೇಸರಿಸಬೇಡಿ. ನನ್ನ ತವರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮೇಗರವಳ್ಳಿ ನಮಗೆ ಬಸ್ಸು ಬದಲಿಸುವ ಊರು. ಇಷ್ಟಿದ್ದೂ ನಾನು ಆ ಕಾದಂಬರಿಯನ್ನು ಮೊದಲ ಸಲ ಹಿಡಿದಾಗ ನಿಮ್ಮಂತೆಯೇ ಸೋತಿದ್ದೆ. ಆದ್ದರಿಂದ ಅದು ಎರೆಮಣ್ಣಿನ ದೋಷವೇನೂ ಅಲ್ಲ.

ನಾವು ಓದಲು ಕೂತಾಗ ನಮಗೆ ಗೊತ್ತಿಲ್ಲದೆಯೇ ಒಬ್ಬ ನಾಯಕನನ್ನು ಹುಡುಕುತ್ತೇವೆ. ‘ಕರ್ವಾಲೊ’ದಲ್ಲಿ ನಿಮಗೆ ಕೈ ಹಿಡಿದು ನಡೆಸುವ ನಿರೂಪಕನಿದ್ದ, ‘ಘಾಚರ್ ಘೋಚರ್’ನಲ್ಲಿಯೂ ಕಥೆ ಹೇಳುವವನು ಒಬ್ಬನೇ. ಇಲ್ಲಿ ಹಾಗಿಲ್ಲ. ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ ಎಂಬ ಅರ್ಥದ ಮಾತನ್ನು ಕುವೆಂಪು ಪುಸ್ತಕದ ಬಾಗಿಲಲ್ಲೇ ನಿಲ್ಲಿಸಿದ್ದಾರೆ. ನಾನು ಮೊದಲ ಸಲ ಅದನ್ನು ಸುಭಾಷಿತವೆಂದು ತಿಳಿದು ದಾಟಿ ಹೋದೆ. ಆಮೇಲೆ ತಿಳಿಯಿತು, ಅದು ಓದುವ ಕ್ರಮವನ್ನೇ ಹೇಳುವ ಸೂಚನೆ. ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳಾದ ನಾಯಿಗುತ್ತಿಗೂ, ಅವನ ನಾಯಿ ಹುಲಿಯನಿಗೂ, ಆ ಹೆಗ್ಗಡೆಯವರಿಗೂ ಅಲ್ಲಿ ಸಿಗುವ ಗಮನ ಒಂದೇ ತೂಕದ್ದು. ಮುಖ್ಯ ಕಥೆ ಯಾವಾಗ ಶುರುವಾಗುತ್ತದೆ ಎಂದು ನೀವು ಕಾಯುತ್ತಿದ್ದರೆ ತೊಂಬತ್ತನೆಯ ಪುಟಕ್ಕೆ ಸುಸ್ತಾಗುವುದು ಖಂಡಿತ, ಏಕೆಂದರೆ ಅದು ಮೊದಲ ಪುಟದಲ್ಲೇ ಶುರುವಾಗಿಬಿಟ್ಟಿರುತ್ತದೆ.

ಎರಡನೆಯ ಸಲ ಓದುವಾಗ ನಾನು ಒಂದು ಉಪಾಯ ಮಾಡಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಜನರ ಹೆಸರಿನ ಬದಲು ಮನೆಗಳ ಹೆಸರು ಬರೆದುಕೊಂಡೆ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ಹೊಸಬರೊಬ್ಬರು ಬಂದಾಗಲೆಲ್ಲ ಅವರ ಹೆಸರನ್ನು ಅವರವರ ಮನೆಯ ಕೆಳಗೆ ಸೇರಿಸಿದೆ. ನಮ್ಮ ಮಲೆನಾಡಿನಲ್ಲಿ ಇವತ್ತಿಗೂ ಮನುಷ್ಯರನ್ನು ಗುರುತಿಸುವುದು ಹೀಗೆಯೇ. ನನ್ನ ಹೆಸರು ಹೇಳಿದರೆ ಊರಿನಲ್ಲಿ ಅರ್ಧ ಜನಕ್ಕೆ ತಿಳಿಯುವುದಿಲ್ಲ, ಮನೆಯ ಹೆಸರು ಹೇಳಿದರೆ ಅಜ್ಜನ ಸಾಲದವರೆಗೂ ಹೇಳುತ್ತಾರೆ. ಹೂವಳ್ಳಿಯ ಕೆಳಗೆ ಚಿನ್ನಮ್ಮ, ಕೋಣೂರಿನ ಕೆಳಗೆ ಮುಕುಂದಯ್ಯ, ಬೆಟ್ಟಳ್ಳಿಯ ಕೆಳಗೆ ತಿಮ್ಮಿ ಎಂದು ಬರೆದ ಮೇಲೆ, ಯಾರು ಯಾರಿಗಾಗಿ ಯಾವ ಗುಡ್ಡ ಹತ್ತುತ್ತಿದ್ದಾರೆ ಎಂಬುದು ಆ ಹಾಳೆಯಲ್ಲೇ ಕಾಣತೊಡಗಿತು.

ಇನ್ನು ಪದಗಳ ವಿಚಾರ. ನಿಘಂಟು ತೆರೆಯಲು ಹೋಗಬೇಡಿ, ಓದು ಕುಂಟುತ್ತದೆ. ಕೆಲವನ್ನು ನಾನೇ ಹೇಳಿಬಿಡುತ್ತೇನೆ. ದನಕ್ಕೆ ಬೇಯಿಸಿ ಹಾಕುವ ಆಹಾರವೇ ಮುರುವು. ಅದನ್ನು ಬೇಯಿಸುವ ದೊಡ್ಡ ಒಲೆ ಮುರುವಿನ ಒಲೆ. ಮಳೆಗಾಲದಲ್ಲಿ ಒದ್ದೆಯಾಗಿ ಬಂದ ಆಳುಕಾಳುಗಳು ಮೈ ಕಾಯಿಸಿಕೊಳ್ಳುತ್ತ ಮನೆಯ ಗುಟ್ಟುಗಳನ್ನು ಮಾತಾಡಿಕೊಳ್ಳುತ್ತಿದ್ದುದು ಅದರ ಸುತ್ತಲೇ. ಬೇಲಿಯನ್ನು ದನ ದಾಟದಂತೆ, ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಕಟ್ಟಿದ್ದು ತಡಬೆ. ಅಡ್ಡಲಾಗಿ ಗಳು ಸೇರಿಸಿ, ಬೇಕಾದಾಗ ಸರಿಸಿ ದಾರಿ ಮಾಡಿಕೊಳ್ಳುವುದು ಉಣುಗೋಲು. ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುವ ಹೆಂಗಸರು ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುತ್ತಿದ್ದುದು ಗೊರಬು. ನನ್ನ ಅಜ್ಜಿಯ ಗೊರಬು ನಮ್ಮ ಅಟ್ಟದಲ್ಲಿ ಬಹಳ ಕಾಲ ಇತ್ತು. ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಕೋಳಿ ಮೊಟ್ಟೆಗೆ ಕೂರುವ ಜಾಗವಾಗಿ ಅದು ತನ್ನ ಜನ್ಮ ಮುಗಿಸಿತು. ಉಳಿದ ಪದಗಳು ನಾಲ್ಕಾರು ಸಲ ಎದುರಾದರೆ ತಾವೇ ಅರ್ಥ ಬಿಟ್ಟುಕೊಡುತ್ತವೆ. ನಾನು ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಓದುವಾಗ ನವಲಗುಂದದ ಮಾತು ನನಗೂ ಹೀಗೆಯೇ ತೊಡರಿತ್ತು, ಐವತ್ತು ಪುಟಗಳಾದ ಮೇಲೆ ಕಿವಿ ಒಗ್ಗಿಕೊಂಡಿತು. ಅಲ್ಲಿ ನೀವು ನನಗಿಂತ ಮುಂದೆ ಇರುತ್ತೀರಿ, ಇಲ್ಲಿ ನಾನು.

ಅರ್ಧಕ್ಕೆ ಬಿಟ್ಟರೆ ತಪ್ಪಿಲ್ಲ. ಆದರೆ ಇನ್ನೂರು ಪುಟ ನಡೆದವರು ಬಿಡುವುದು ಕಷ್ಟವೇ ಹೊರತು ಲಾಭವಲ್ಲ.

ರಾತ್ರಿಪಾಳಿ

ಮೇಲಿನ ಅಕ್ಕನವರು ಬಹಳ ಚೆನ್ನಾಗಿ ಬರೆದಿದ್ದಾರೆ, ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ವಾರಕ್ಕೆ ಮೂರು ರಾತ್ರಿ ಪಾಳಿ, ಮನೆಗೆ ಬಂದರೆ ಒಲೆ, ಇಬ್ಬರು ಮಕ್ಕಳು. ನನಗೆ ಓದಲು ಸಿಗುವುದು ಬೆಳಗಿನ ಬಸ್ಸಿನ ನಲವತ್ತು ನಿಮಿಷ, ಅದೂ ಕೂರಲು ಜಾಗ ಸಿಕ್ಕರೆ. ಕ್ಯಾಲೆಂಡರಿನ ಹಿಂದೆ ಮನೆಗಳ ಪಟ್ಟಿ ಬರೆದುಕೊಂಡು ಓದಬೇಕಾದ ಪುಸ್ತಕ ನನ್ನ ಪಾಲಿಗೆ ಬಿಡುವಿನ ಓದಲ್ಲ, ಇನ್ನೊಂದು ಪಾಳಿ. ಜ್ಞಾನಪೀಠ ಬಂದ ಪುಸ್ತಕವೆಂಬ ಗೌರವಕ್ಕೆ ಕಟ್ಟುಬಿದ್ದು ಯಾರೂ ಮೂಗು ಜಜ್ಜಿಸಿಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ.

ನಾನು ಈಚೆಗೆ ಓದಿದ್ದು ಬಾನು ಮುಷ್ತಾಕ್ ಅವರ ಕಥೆಗಳನ್ನು. ಮುಚ್ಚುಮರೆಯೇಕೆ, 2025ರ ಮೇ ತಿಂಗಳಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿ ಕೇಳಿದ ಮೇಲೆಯೇ ನಾನು ಅವರನ್ನು ಹುಡುಕಿದ್ದು. ಹಾಸನದವರು, ವಕೀಲರು, ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದವರು; ಲಂಡನ್ನಿನಿಂದ ಸುದ್ದಿ ಬರುವವರೆಗೆ ಅವರ ಹೆಸರು ನನಗೆ ತಿಳಿದಿರಲಿಲ್ಲ ಎಂಬುದಕ್ಕೆ ನಾಚಿಕೆಯಿದೆ. ‘ಎದೆಯ ಹಣತೆ’ ಎಂಬ ಕಥೆಯನ್ನು ಬಸ್ಸಿನಲ್ಲೇ ಓದಿದೆ. ಗಂಡ ಕೈಬಿಟ್ಟ ಹೆಣ್ಣು ತವರಿಗೆ ಬಂದರೆ ತವರಿನವರೂ ಮಾನದ ಮಾತಾಡಿ ಅವಳನ್ನು ಹಿಂದಕ್ಕೆ ತಂದು ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡು ನಿಂತ ತಾಯಿಯನ್ನು ಕೊನೆಗೆ ತಡೆಯುವುದು ದೊಡ್ಡ ಮಗಳು. ಸುಟ್ಟಗಾಯದ ವಾರ್ಡಿನಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದವಳು. ಅಲ್ಲಿಗೆ ಬರುವವರು ಪೊಲೀಸರ ಮುಂದೆ ಒಲೆ ಸಿಡಿಯಿತು ಎಂದು ಹೇಳುವುದನ್ನೂ, ರಾತ್ರಿ ಎರಡು ಗಂಟೆಗೆ ಡ್ರೆಸ್ಸಿಂಗ್ ಬದಲಿಸುವಾಗ ನನಗೆ ಬೇರೆಯದನ್ನೇ ಹೇಳುವುದನ್ನೂ ಕೇಳಿದ್ದೇನೆ. ಆ ಕಥೆ ಹತ್ತಾರು ಪುಟಗಳಲ್ಲಿ ಹೇಳಿದ್ದನ್ನು ಏಳುನೂರು ಪುಟಗಳಲ್ಲಿ ಹೇಳಿದ್ದರೆ ನನಗೆ ತಲುಪುತ್ತಲೇ ಇರಲಿಲ್ಲ. ನಾನು ಇಳಿಯಬೇಕಾದ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದೆ, ಅಷ್ಟೇ ಹೇಳುತ್ತೇನೆ.

ಎರೆಹೊಲದ ಅಣ್ಣನವರೇ, ನಿಮಗೆ ಸಣ್ಣ ಪುಸ್ತಕಗಳು ಒಗ್ಗಿವೆ ಎಂದು ನಿಮ್ಮ ಬರಹವೇ ಹೇಳುತ್ತಿದೆ. ಅವನ್ನೇ ಓದಿ. ದೊಡ್ಡ ಪುಸ್ತಕ ನಿವೃತ್ತಿಯ ನಂತರವೂ ಅಲ್ಲಿಯೇ ಇರುತ್ತದೆ.

ಮೂರನೆಯ ಬೆಂಚು

ಮೊದಲು ಒಂದು ಸಣ್ಣ ತಿದ್ದುಪಡಿ. ರಾತ್ರಿಪಾಳಿಯವರು ಬರೆದಂತೆ ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು ಈ ಕಾದಂಬರಿಗಲ್ಲ, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ. ಗುಜರಾತಿ ಕವಿ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೊಂಡ ಆ ಪ್ರಶಸ್ತಿಯೂ 1967ರದು, ಕಾದಂಬರಿ ಪ್ರಕಟವಾದದ್ದೂ 1967ರಲ್ಲೇ. ಆದ್ದರಿಂದ ಈ ಗೊಂದಲ ಸಹಜವಾದುದು, ನನ್ನ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಇದನ್ನೇ ಬರೆಯುತ್ತಿದ್ದರು. ಅವರ ಮೊದಲ ದೊಡ್ಡ ಕಾದಂಬರಿ ‘ಕಾನೂರು ಹೆಗ್ಗಡತಿ’ ಬಂದದ್ದು 1936ರಲ್ಲಿ. ನಡುವೆ ಮೂವತ್ತೊಂದು ವರ್ಷಗಳ ಅಂತರವಿದೆ. ಬರೆದವರೇ ಇಷ್ಟು ಸಾವಧಾನದಿಂದ ಇದ್ದ ಮೇಲೆ ಓದುವವರು ಎರಡು ಸಲ ನಿಂತದ್ದು ದೊಡ್ಡ ಅಪರಾಧವಾಗಲಾರದು.

ನಾನು ಆ ಕಾದಂಬರಿಗೆ ಒಳದಾರಿಯಿಂದ ಹೋದವನು. ಕನ್ನಡ ಮೇಷ್ಟರಾಗಿದ್ದೂ ಅದನ್ನು ಪೂರ್ತಿ ಓದಿರಲಿಲ್ಲ. ಪಾಠಕ್ಕೆ ಬೇಕಾದ ಭಾಗಗಳನ್ನು ಓದಿ, ಉಳಿದದ್ದನ್ನು ವಿಮರ್ಶೆಗಳಿಂದ ತುಂಬಿಕೊಂಡು, ತರಗತಿಯಲ್ಲಿ ಗಂಭೀರವಾಗಿ ಮಾತಾಡಿದ್ದೆ. ಈಗ ನಿವೃತ್ತನಾಗಿರುವುದರಿಂದ ಒಪ್ಪಿಕೊಳ್ಳಲು ತೊಂದರೆಯಿಲ್ಲ. ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿ ಮಾಡಿಸಿದ್ದರು. ಕೆ. ವೈ. ನಾರಾಯಣಸ್ವಾಮಿಯವರ ರಂಗಪಠ್ಯ, ಹಂಸಲೇಖ ಅವರ ಸಂಗೀತ. ಕೆಲವು ವರ್ಷಗಳ ಮೇಲೆ ಅದು ಬೆಂಗಳೂರಿನ ಕಲಾಗ್ರಾಮಕ್ಕೆ ಬಂದಾಗ ನಾನೂ ನನ್ನ ಹೆಂಡತಿಯೂ ಹೋಗಿ ಕೂತೆವು. ಸಂಜೆ ಶುರುವಾದದ್ದು ಬೆಳಗಾಗುವವರೆಗೆ ಸುಮಾರು ಒಂಬತ್ತು ಗಂಟೆ. ಒಂದು ರಂಗದ ಮುಂದೆ ಸ್ವಲ್ಪ ಹೊತ್ತು ಕೂರುವುದು, ದೃಶ್ಯ ಮುಗಿದೊಡನೆ ಚಾಪೆ ಸುತ್ತಿಕೊಂಡು ಕತ್ತಲಲ್ಲಿ ಮುಂದಿನ ರಂಗಕ್ಕೆ ನಡೆಯುವುದು. ಹೆಂಡತಿ ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿ ನಡುರಾತ್ರಿಗೇ ಮುಗಿದುಹೋಯಿತು, ಚಳಿಗೆ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು ತಮ್ಮ ಕಂಬಳಿಯ ಒಂದು ಅಂಚನ್ನು ನಮಗೂ ಹೊದಿಸಿದರು. ನಸುಕಿನ ಹೊತ್ತಿಗೆ ಯಾರು ಯಾರ ಮನೆಯವರೆಂಬ ಪ್ರಶ್ನೆಯೇ ನನಗೆ ಉಳಿದಿರಲಿಲ್ಲ. ಜನರನ್ನು ನಾನು ಕಂಡುಬಿಟ್ಟಿದ್ದೆ.

ಮಾರನೆಯ ವಾರ ಪುಸ್ತಕ ತೆರೆದೆ. ಆಗ ನನಗೆ ಹೊಳೆದ ಸಂಗತಿ ಒಂದು: ಈ ಕಾದಂಬರಿಯಲ್ಲಿ ಎಲ್ಲರೂ ಸದಾ ನಡೆಯುತ್ತಿರುತ್ತಾರೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ನಡೆಯುತ್ತಾನೆ, ಮದುವೆ ಬೇಡವಾದ ಚಿನ್ನಮ್ಮ ಹಿಂದಿನ ರಾತ್ರಿ ಮನೆ ಬಿಟ್ಟು ಕತ್ತಲೆಯ ಕಾಡಿನಲ್ಲಿ ನಡೆಯುತ್ತಾಳೆ, ಪೀಂಚಲು ಅವಳಿಗೆ ಜೊತೆಯಾಗುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲವದು. 1893ರಲ್ಲಿ ವಿವೇಕಾನಂದರು ಷಿಕಾಗೋದಲ್ಲಿ ಮಾತಾಡಿದ ಸುದ್ದಿ ಕೂಡ ಹೇಗೋ ಆ ಕಾಡಿನವರೆಗೆ ಬಂದು ಮುಟ್ಟುತ್ತದೆ. ಅಂಥಲ್ಲಿಗೆ ಪಾದ್ರಿಯ ಬೈಸಿಕಲ್ ಬಂದಾಗ ಜನ ಬೆರಗಾಗುತ್ತಾರೆ. ಆ ಒಂದು ಬೈಸಿಕಲ್ ಅಷ್ಟು ದೊಡ್ಡ ಸಂಗತಿಯಾಗಿ ನಮಗೆ ತಾಕಬೇಕಾದರೆ ಅದಕ್ಕೆ ಮುನ್ನ ನಾವು ಅಷ್ಟು ದೂರ ಅವರೊಂದಿಗೆ ಕಾಲ್ನಡಿಗೆಯಲ್ಲೇ ಹೋಗಿರಬೇಕು. ಆ ಪುಟಗಳನ್ನು ಹಾರಿಸಿ ಓದಿದವರಿಗೆ ಬೈಸಿಕಲ್ ಬರೀ ಬೈಸಿಕಲ್ ಆಗಿಯೇ ಉಳಿಯುತ್ತದೆ.

ರಾತ್ರಿಪಾಳಿಯವರ ಮಾತಿನಲ್ಲಿಯೂ ನ್ಯಾಯವಿದೆ, ಅವರ ನಲವತ್ತು ನಿಮಿಷಕ್ಕೆ ಸಣ್ಣಕಥೆಯೇ ಸರಿ. ಆದರೆ ಈ ಪುಸ್ತಕ ಕಬ್ಬಿಣದ ಕಡಲೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ಪುಟದಂತೆ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಕುವೆಂಪು ಅವರ ಪಾತ್ರಗಳ ಸಂಭಾಷಣೆ ಕಣ್ಣಿಗಿಂತ ಬಾಯಿಗೆ ಬೇಗ ಒಲಿಯುತ್ತದೆ. ಕಣ್ಣಿಗೆ ತೊಡಕಾಗಿ ಕಂಡ ಸಾಲು ನಾಲಗೆಯ ಮೇಲೆ ಬಂದೊಡನೆ ಯಾರೋ ಎದುರಿಗೆ ನಿಂತು ಬೈದಂತೆ ಕೇಳಿಸುತ್ತದೆ.

ರಾತ್ರಿಪಾಳಿ

ಮೇಷ್ಟರೇ, ತಿದ್ದಿದ್ದಕ್ಕೆ ವಂದನೆಗಳು, ತಪ್ಪಾಯಿತು. ಕಬ್ಬಿಣದ ಕಡಲೆ ಎಂದು ನಾನು ಹೇಳಿಲ್ಲ ಎಂಬುದನ್ನೂ ತಾವು ಗಮನಿಸಬೇಕು, ಅದು ತಮ್ಮದೇ ಮಾತು. ಒಂಬತ್ತು ಗಂಟೆ ಎಚ್ಚರವಿದ್ದು ಕಥೆ ನೋಡುವ ಭಾಗ್ಯ ನನಗೂ ಸಿಗಲಿ. ನನ್ನ ಎಚ್ಚರವೆಲ್ಲ ಡ್ರಿಪ್ ನೋಡುವುದರಲ್ಲೇ ಹೋಗುತ್ತದೆ.

ತುಂಗೆಯ ದಡದವಳು

ಮೇಷ್ಟರು ಹೇಳಿದ ನಡಿಗೆಯ ಮಾತಿಗೆ ಒಂದೇ ಒಂದು ಸೇರಿಸುತ್ತೇನೆ. ಹುಲಿಯನಿಗೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಇಲ್ಲಿ ಯಾರೂ ಬರೆಯಬೇಡಿ. ನನಗೆ ಅದನ್ನು ಮೊದಲೇ ಹೇಳಿಬಿಟ್ಟವರೊಬ್ಬರಿದ್ದಾರೆ, ಇಪ್ಪತ್ತು ವರ್ಷಗಳಾದರೂ ನಾನು ಅವರನ್ನು ಕ್ಷಮಿಸಿಲ್ಲ. ಅವರು ನನ್ನ ಸ್ವಂತ ಭಾವ.

ಎರೆಹೊಲದವ

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ಬರೆಯಲು ಐದು ವಾರ ತಡವಾಯಿತು, ಏಕೆಂದರೆ ಓದುತ್ತಿದ್ದೆ.

ತುಂಗೆಯ ದಡದವರು ಹೇಳಿದಂತೆ ಮನೆಗಳ ಪಟ್ಟಿಯನ್ನು ಹಾಳೆಯೊಂದರಲ್ಲಿ ಬರೆದು ಪುಸ್ತಕದ ಒಳರಟ್ಟಿಗೆ ಅಂಟಿಸಿದೆ. ಲೆಕ್ಕದ ಮನುಷ್ಯನಾದ್ದರಿಂದ ಖಾತೆಗಳಂತೆ ಗೆರೆ ಎಳೆದು, ಯಾರು ಯಾವ ಮನೆಯಿಂದ ಯಾವ ಮನೆಗೆ ಹೋದರೆಂಬುದನ್ನು ಜಮಾ ಖರ್ಚಿನಂತೆ ಬರೆಯುತ್ತ ಹೋದೆ. ಇದು ನನಗೆ ಆಶ್ಚರ್ಯವಾಗುವಷ್ಟು ಸಂತೋಷ ಕೊಟ್ಟಿತು. ರಾತ್ರಿಪಾಳಿಯ ತಂಗಿಯವರು ಇದನ್ನು ಇನ್ನೊಂದು ಪಾಳಿ ಎನ್ನುತ್ತಾರೆಂದು ಬಲ್ಲೆ. ಅವರ ಮಾತನ್ನೂ ಬಿಟ್ಟಿಲ್ಲ. ಬಾನು ಮುಷ್ತಾಕ್ ಅವರ ಕಥೆಗಳನ್ನು ಮಗಳಿಗೆ ಕಳಿಸಿಕೊಟ್ಟೆ. ಓದಿ ಫೋನು ಮಾಡಿದವಳು ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, ಕೊನೆಗೆ ತಾಯಿಗೆ ಫೋನು ಕೊಡು ಎಂದಳು.

ಗಟ್ಟಿಯಾಗಿ ಓದಬೇಕೆಂಬ ಮೇಷ್ಟರ ಸಲಹೆಯನ್ನು ಪಾಲಿಸಿದ್ದರಿಂದ ಒಂದು ತೊಂದರೆಯಾಗಿದೆ. ನಮ್ಮ ತಾಯಿಗೆ ಈಗ ಎಪ್ಪತ್ತೆಂಟು ವರ್ಷ, ಕಣ್ಣು ಮಂದ, ಕಿವಿ ಚುರುಕು. ಮೊದಲ ದಿನ ಪಕ್ಕದ ಕೋಣೆಯಿಂದ ಕೇಳಿಸಿಕೊಂಡವರು ಎರಡನೆಯ ದಿನ ಬಾಗಿಲಿಗೆ ಬಂದು ಕೂತರು, ಮೂರನೆಯ ದಿನದಿಂದ ಊಟವಾದ ಕೂಡಲೇ ಚಾಪೆ ಹಾಸಿ ಕಾಯುತ್ತಾರೆ. ಮುರುವಿನ ಒಲೆ ಬಂದಾಗ ನಾನು ಇಲ್ಲಿ ಕಲಿತ ಅರ್ಥವನ್ನು ಹೆಮ್ಮೆಯಿಂದ ವಿವರಿಸಲು ಹೊರಟರೆ, ‘ನಮ್ಮ ಮುಸುರಿ ಇದ್ದಂಗ ಅನ್ನು, ಇವರು ಕುದಿಸಿ ಹಾಕ್ತಾರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹೆಗ್ಗಡೆಗಳ ಮದುವೆಯ ಗೊಂದಲ ಅವರಿಗೆ ಒಂದಿಷ್ಟೂ ಗೊಂದಲವೆನಿಸಿಲ್ಲ. ಹಾಳೆ ನೋಡದೆಯೇ ಯಾರು ಯಾವ ಮನೆಯವರೆಂದು ನನ್ನನ್ನು ತಿದ್ದುತ್ತಾರೆ. ನಾವು ಈಗ ನಾನೂರ ಹತ್ತನೆಯ ಪುಟದಲ್ಲಿದ್ದೇವೆ. ಚಿನ್ನಮ್ಮನ ಬಗ್ಗೆ ಅವರಿಗೆ ಚಿಂತೆಯಿಲ್ಲ, ಆ ಹುಡುಗಿ ಗಟ್ಟಿ ಎನ್ನುತ್ತಾರೆ. ಆದರೆ ಗುತ್ತಿ ಕಾಣಿಸದ ಪುಟಗಳಲ್ಲಿ ನಡುವೆಯೇ ನನ್ನನ್ನು ತಡೆದು ನಾಯಿ ಎಲ್ಲಿದೆ ಎಂದು ಕೇಳುತ್ತಾರೆ. ಮುಂದೆ ನೋಡಿಕೊಂಡು ಹೇಳು ಎಂದು ನಿನ್ನೆ ಒತ್ತಾಯ ಮಾಡಿದರು. ಹಾಳೆ ತಿರುವಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬಸ್ಸಿನ ಟಿಕೆಟ್ಟನ್ನು ಅಲ್ಲಿಯೇ ಇಟ್ಟು ದೀಪ ಆರಿಸಿದೆ.